ಮರಿ ಬಾಕ್ಸ್ ಆಮೆ ಕಣ್ಣು ತೆರೆಯದಿದ್ದರೆ ಮೊದಲು ಮಣ್ಣನ್ನು ಮುಟ್ಟಿ ನೋಡಿ

ನಿಮ್ಮ ಬಾಕ್ಸ್ ಆಮೆಯ ಮರಿ ಮೂರು ದಿನಗಳಿಂದ ಕಣ್ಣು ತೆರೆಯುತ್ತಿಲ್ಲ, ಹಾಕಿದ ಲೆಟಸ್ ಎಲೆಯನ್ನು ಮೂಸಿಯೂ ನೋಡುತ್ತಿಲ್ಲ, ಯಾವ ಕಣ್ಣಿನ ಹನಿ ತರಲಿ ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದವರಲ್ಲಿ ಹೆಚ್ಚಿನವರು ಹನಿಯ ಹೆಸರುಗಳನ್ನೇ ಹೇಳಿದ್ದಾರೆ. ನೀವು ಹಾಕಿರುವ ಫೋಟೊದಲ್ಲಿ ನನಗೆ ಕಾಣುವುದು ಗಾಜಿನ ತೊಟ್ಟಿ, ತಳದಲ್ಲಿ ಒಣ ಮರದ ಹೊಟ್ಟು, ಮೇಲೆ ಜಾಲರಿಯ ಮುಚ್ಚಳ ಮತ್ತು ಹಗಲೂ ರಾತ್ರಿಯೂ ಉರಿಯುತ್ತಿರುವ ಬಿಸಿ ಬಲ್ಬು. ನನ್ನ ಮೊದಲ ಮರಿಯನ್ನು ನಾನು ಇಟ್ಟದ್ದೂ ಹೆಚ್ಚುಕಡಿಮೆ ಇದೇ ಏರ್ಪಾಟಿನಲ್ಲಿ, ಅದರ ಕಣ್ಣು ಮುಚ್ಚಿದ್ದೂ ಹೀಗೆಯೇ. ಆದ್ದರಿಂದ ಹನಿಯ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು, ಮರಿ ಕುಳಿತಿರುವ ನೆಲದ ಬಗ್ಗೆ ಮಾತನಾಡೋಣ.

ನಾನು ಹೇಳುವುದೆಲ್ಲ ಉತ್ತರ ಅಮೆರಿಕ ಮೂಲದ ಬಾಕ್ಸ್ ಆಮೆಗಳಿಗೆ, ಅಂದರೆ ಈಸ್ಟರ್ನ್, ಥ್ರೀ‑ಟೋಡ್ ಮುಂತಾದವುಗಳಿಗೆ ಅನ್ವಯಿಸುತ್ತದೆ. ಆರ್ನೇಟ್ ಎಂಬ ಬಗೆಯ ಮರಿಯಾದರೆ ಮೇಲ್ಪದರವನ್ನು ಇನ್ನಷ್ಟು ಒಣಗಿಸಿಡಬೇಕು, ಆದರೆ ಅದಕ್ಕೂ ಅಡಿಯ ತೇವ ಬೇಕೇ ಬೇಕು. ನಿಮ್ಮದು ಏಷ್ಯಾದ ಕ್ಯುವೊರಾ ಕುಲದ ಮರಿಯಾಗಿದ್ದರೆ ಇದನ್ನು ಪಾಲಿಸಬೇಡಿ, ಏಕೆಂದರೆ ಆ ಗುಂಪಿನ ಕೆಲವು ಆಮೆಗಳು ಬಹುಪಾಲು ನೀರಿನಲ್ಲಿಯೇ ಬೆಳೆಯುತ್ತವೆ.

ಮೊಟ್ಟೆಯೊಡೆದು ಬಂದ ಮರಿ ಸುಮಾರು 3 ಸೆಂಟಿಮೀಟರ್ ಉದ್ದವಿರುತ್ತದೆ. ಅಷ್ಟು ಚಿಕ್ಕ ದೇಹದಲ್ಲಿ ಇರುವ ನೀರು ಸ್ವಲ್ಪ, ಆದರೆ ಆ ನೀರು ಆವಿಯಾಗಿ ಹೋಗುವ ಮೈಯ ಮೇಲ್ಮೈ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಹೆಚ್ಚು. ಆದ್ದರಿಂದ ದೊಡ್ಡ ಆಮೆ ವಾರಗಟ್ಟಲೆ ತಡೆದುಕೊಳ್ಳುವ ಒಣಹವೆಯನ್ನು ಮರಿ ಕೆಲವೇ ದಿನವೂ ತಡೆದುಕೊಳ್ಳಲಾರದು. ಕಾಡಿನಲ್ಲಿ ಈ ವಯಸ್ಸಿನ ಮರಿಗಳು ಕಣ್ಣಿಗೆ ಬೀಳುವುದೇ ಅಪರೂಪ, ಏಕೆಂದರೆ ಅವು ತರಗೆಲೆಯ ಅಡಿಯಲ್ಲಿ, ಕೊಳೆಯುತ್ತಿರುವ ಮರದ ದಿಮ್ಮಿಗಳ ಸಂದಿಯಲ್ಲಿ, ಹುಳುಗಳು ಓಡಾಡುವ ಹಸಿ ಮಣ್ಣಿನಲ್ಲಿ ಹುದುಗಿಕೊಂಡೇ ಬೆಳೆಯುತ್ತವೆ. ನಿಮ್ಮ ಮರಿಗೆ ಹುದುಗಿಕೊಳ್ಳಲು ಸಿಕ್ಕಿರುವುದು ಒಣ ಹೊಟ್ಟು. ಆ ಹೊಟ್ಟು ಮರಿಯ ಮೈಯಿಂದಲೇ ನೀರನ್ನು ಹೀರುತ್ತದೆ. ಮೇಲಿನ ಬಲ್ಬು ಉಳಿದದ್ದನ್ನು ಒಣಗಿಸುತ್ತದೆ. ಹೀಗೆ ನೀರು ಬತ್ತಿದ ಮರಿ ಕಣ್ಣು ಮುಚ್ಚಿಕೊಳ್ಳುತ್ತದೆ. ಹೊಟ್ಟು ದೇವದಾರು ಅಥವಾ ಪೈನ್ ಮರದ್ದಾಗಿದ್ದರೆ ಅದರ ಘಾಟು ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು ಮಾಡುತ್ತದೆ, ಇವತ್ತೇ ತೆಗೆದುಹಾಕಿ.

ದಿನಕ್ಕೆ ಎರಡು ಬಾರಿ ನೀರು ಸಿಂಪಡಿಸುತ್ತಿದ್ದೇನೆ ಎಂದು ನೀವು ಬರೆದಿದ್ದೀರಿ. ಸಿಂಪಡಿಸಿದ ನೀರು ಎಲೆಯ ಮೇಲೆ, ಗಾಜಿನ ಮೇಲೆ, ಹೊಟ್ಟಿನ ಮೇಲ್ಪದರದ ಮೇಲೆ ನಿಂತು, ಬಲ್ಬಿನ ಬಿಸಿಗೆ ಬಲುಬೇಗ ಆವಿಯಾಗಿ ಜಾಲರಿಯ ಮೂಲಕ ಹೊರಗೆ ಹೋಗುತ್ತದೆ. ಗಾಳಿಯ ತೇವಾಂಶ ಅಳೆಯುವ ಹೈಗ್ರೋಮೀಟರ್ ಸ್ವಲ್ಪ ಹೊತ್ತು 80 ಪ್ರತಿಶತ ತೋರಿಸಿ ಮತ್ತೆ 40ಕ್ಕೆ ಇಳಿಯುತ್ತದೆ, ನಾವು 80 ಇದ್ದ ಗಳಿಗೆಯಲ್ಲಿ ನೋಡಿ ಸಮಾಧಾನಪಡುತ್ತೇವೆ. ಗಾಜಿಗೆ ಅಂಟಿಸುವ ಮುಳ್ಳಿನ ಹೈಗ್ರೋಮೀಟರ್ ಅನ್ನಂತೂ ನಂಬಲೇಬೇಡಿ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮೀಟರ್ ತಂದು, ಆ ಪ್ರೋಬನ್ನು ಮರಿ ಮಲಗುವ ಪಾಚಿಯ ಅಡಿಯಲ್ಲಿಯೇ ಇಡಿ. ಮರಿಯ ಮೂಗಿನ ಮಟ್ಟದಲ್ಲಿ ತೇವಾಂಶ ಎಷ್ಟಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ನನಗೆ ಕೈಹಿಡಿದ ಕ್ರಮ ಇದು. ಗಾಜಿನ ತೊಟ್ಟಿಯ ಬದಲು ಬೆಳಕು ಹಾಯದ ಅಗಲವಾದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಗಾಜಿನಾಚೆ ಕಾಣುವುದನ್ನು ದಾರಿಯೆಂದು ತಿಳಿದು ಮರಿ ದಿನವಿಡೀ ಗೋಡೆಯನ್ನು ಕೆರೆಯುವುದು ಇದರಿಂದ ತಪ್ಪುತ್ತದೆ. ರಾಸಾಯನಿಕ ಗೊಬ್ಬರವಾಗಲಿ, ಪರ್ಲೈಟ್‌ನ ಬಿಳಿ ಕಾಳುಗಳಾಗಲಿ ಬೆರೆಯದ ಬರೀ ಮಣ್ಣನ್ನೂ ಚೆನ್ನಾಗಿ ತೊಳೆದ ಕೊಕೊಪೀಟನ್ನೂ ಸಮಸಮವಾಗಿ ಬೆರೆಸಿ 8ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಅದರ ಮೇಲೆ ಮುಕ್ಕಾಲು ಭಾಗಕ್ಕೆ ಔಷಧಿ ಸಿಂಪಡಿಸದ ಮರಗಳ ತರಗೆಲೆ, ಒಂದು ಮೂಲೆಯಲ್ಲಿ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯ ದಪ್ಪ ಹಾಸಿಗೆ. ನೀರನ್ನು ಮೇಲಿನಿಂದ ಸಿಂಪಡಿಸದೆ ಡಬ್ಬದ ಮೂಲೆಯಲ್ಲಿ ನಿಧಾನವಾಗಿ ಸುರಿಯಿರಿ, ಅದು ತಳಕ್ಕೆ ಇಳಿದು ಅಲ್ಲಿಂದ ಮಣ್ಣಿನ ಮೂಲಕ ಮೇಲಕ್ಕೆ ಏರುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಬಹುದು, ಧಾರೆಯಾಗಿ ಇಳಿಯಬಾರದು. ಮುಚ್ಚಳದ ಅರ್ಧ ಭಾಗವನ್ನು ಮುಚ್ಚಿ ಇನ್ನರ್ಧವನ್ನು ಗಾಳಿಗೆ ಬಿಡಿ. ಹೀಗೆ ಮಾಡಿದರೆ ತರಗೆಲೆಯ ಅಡಿಯಲ್ಲಿ 80ರ ಮೇಲಿನ ತೇವಾಂಶ ದಿನಗಟ್ಟಲೆ ತಾನಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ತೇವ ಎಂದರೆ ಕೆಸರಲ್ಲ. ತಳದಲ್ಲಿ ನೀರು ನಿಂತು ಮಣ್ಣು ಹುಳಿ ವಾಸನೆ ಬೀರುತ್ತಿದ್ದರೆ, ಮಲ ಮತ್ತು ತಿಂದುಳಿದ ಆಹಾರ ಅಲ್ಲಿಯೇ ಕೊಳೆಯುತ್ತಿದ್ದರೆ, ಕೆಳಚಿಪ್ಪಿನಲ್ಲಿ ಮೆತ್ತಗಿನ ಬಿಳಿ ಕಲೆಗಳು ಕಾಣಿಸಿಕೊಂಡು ಚಿಪ್ಪು ಕೊಳೆಯಲು ತೊಡಗುತ್ತದೆ. ಆದ್ದರಿಂದ ಬಲ್ಬಿನ ಕೆಳಗಿನ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲನ್ನೋ ತೊಗಟೆಯ ತುಂಡನ್ನೋ ಇಟ್ಟು ಒಣ ಜಾಗವೊಂದನ್ನು ಉಳಿಸಿ, ವಾರಕ್ಕೊಮ್ಮೆ ಮರಿಯನ್ನು ಮಗುಚಿ ಹೊಟ್ಟೆಯ ಭಾಗವನ್ನು ನೋಡಿ, ತಕ್ಷಣ ನೆಟ್ಟಗೆ ಇಟ್ಟುಬಿಡಿ. ಸ್ಪ್ರಿಂಗ್‌ಟೇಲ್ ಮತ್ತು ಐಸೊಪಾಡ್ ಹುಳುಗಳನ್ನು ಮಣ್ಣಿಗೆ ಬಿಟ್ಟರೆ ಬೂಷ್ಟನ್ನೂ ಮಲವನ್ನೂ ಅವೇ ತಿಂದು ಮುಗಿಸುತ್ತವೆ, ಐಸೊಪಾಡ್‌ಗಳನ್ನು ಮರಿಯೂ ಹಿಡಿದು ತಿನ್ನುತ್ತದೆ. ಅವುಗಳ ಮೈಯ ಹೊರಕವಚದಲ್ಲಿ ಕ್ಯಾಲ್ಸಿಯಂ ಇರುವುದು ಇನ್ನೊಂದು ಲಾಭ.

ಡಬ್ಬ ಸಿದ್ಧವಾಗುವವರೆಗೆ ಕಾಯಬೇಡಿ, ಈಗಲೇ ಮರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ. ನೀರು ಅದರ ಗಲ್ಲಕ್ಕಿಂತ ಮೇಲೆ ಬರಬಾರದು, ಹದಿನೈದು ಇಪ್ಪತ್ತು ನಿಮಿಷ ಸಾಕು, ಅಷ್ಟು ಹೊತ್ತೂ ನೀವು ಪಕ್ಕದಲ್ಲಿಯೇ ಇರಬೇಕು. ಬಾಕ್ಸ್ ಆಮೆಯ ಮರಿ ಈಜುಗಾರನಲ್ಲ, ಮಗುಚಿಬಿದ್ದರೆ ಎರಡು ಸೆಂಟಿಮೀಟರ್ ನೀರಿನಲ್ಲೂ ಸಾಯಬಹುದು. ಮೊದಲ ಒಂದೆರಡು ನಿಮಿಷ ಅದು ಸುಮ್ಮನೆ ಕುಳಿತಿರುತ್ತದೆ. ಆಮೇಲೆ ಕುತ್ತಿಗೆ ಚಾಚಿ, ಮೂಗನ್ನು ನೀರಿಗೆ ಅದ್ದಿ, ಗಂಟಲಿನ ಸಡಿಲ ಚರ್ಮ ಮೇಲೆ ಕೆಳಗೆ ಆಡುವಂತೆ ನೀರು ಎಳೆದುಕೊಳ್ಳುತ್ತದೆ. ಆ ಗಂಟಲು ಆಡುವುದನ್ನು ಗಮನಿಸಿ. ಎಷ್ಟೋ ಮರಿಗಳು ಹೀಗೆ ಕುಡಿದು ಮುಗಿಸುವ ಹೊತ್ತಿಗೆ ಒಂದು ಕಣ್ಣನ್ನು ಅರ್ಧದಷ್ಟು ತೆರೆಯುತ್ತವೆ, ಮರುದಿನ ಇನ್ನೊಂದನ್ನು. ಮೊದಲ ಕೆಲವು ವಾರ ದಿನವೂ ಹೀಗೆ ಮಾಡಿ, ಚೇತರಿಸಿಕೊಂಡ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ನೀರಿನಲ್ಲಿಯೇ ಮಲ ವಿಸರ್ಜಿಸುವುದು ಸಾಮಾನ್ಯವಾದ್ದರಿಂದ ಪ್ರತಿ ಬಾರಿಯೂ ಹೊಸ ನೀರು ಬೇಕು, ಆ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು, ಕೈಯನ್ನು ಸೋಪು ಹಾಕಿ ತೊಳೆಯಬೇಕು. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. 4 ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕ 1975ರಲ್ಲಿ ನಿಷೇಧಿಸಿದ್ದೇ ಮಕ್ಕಳಿಗೆ ಹರಡುತ್ತಿದ್ದ ಈ ಸೋಂಕಿನ ಕಾರಣಕ್ಕೆ.

ಹಗಲೂ ರಾತ್ರಿ ಬಲ್ಬು ಉರಿಸುವುದನ್ನು ನಿಲ್ಲಿಸಿ. ಹಗಲು 12 ಗಂಟೆ, ಬಲ್ಬಿನ ನೇರ ಕೆಳಗೆ 29ರಿಂದ 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 22ರಿಂದ 24 ಇದ್ದರೆ ಮರಿ ತನಗೆ ಬೇಕಾದಲ್ಲಿ ಹೋಗುತ್ತದೆ. ರಾತ್ರಿ ಕತ್ತಲೆಯೇ ಬೇಕು. ಕೋಣೆ 18 ಡಿಗ್ರಿಗಿಂತ ಕೆಳಗಿಳಿಯುವುದಾದರೆ ಬೆಳಕು ಕೊಡದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್‌ಗೆ ಜೋಡಿಸಿ ಬಳಸಿ. ಕೆಂಪು ಬಲ್ಬು ಆಮೆಗೆ ಕಾಣುವುದಿಲ್ಲ ಎಂದು ಮಾರುವವರು ಹೇಳುವುದು ಸರಿಯಲ್ಲ, ಆಮೆಗಳು ಕೆಂಪು ಬಣ್ಣವನ್ನು ಚೆನ್ನಾಗಿ ಕಾಣುತ್ತವೆ. ಡಬ್ಬದ ಅಡಿಗೆ ಹೀಟಿಂಗ್ ಪ್ಯಾಡ್ ಇಡುವುದು ಅದಕ್ಕಿಂತಲೂ ಕೆಟ್ಟ ಸಲಹೆ, ಏಕೆಂದರೆ ಬಿಸಿಯಾದಾಗ ಆಮೆ ತಂಪು ಹುಡುಕುತ್ತ ಕೆಳಕ್ಕೆ ತೋಡುತ್ತದೆ, ಇಲ್ಲಿ ಕೆಳಗೆ ಹೋದಷ್ಟೂ ಮೈ ಸುಡುತ್ತದೆ.

ಕಿಟಕಿಯ ಬಳಿ ಇಟ್ಟಿದ್ದೇನೆ, ಬಿಸಿಲು ಸಾಕಷ್ಟು ಬೀಳುತ್ತದೆ ಎಂಬ ನಿಮ್ಮ ಮಾತಿಗೆ ಎರಡು ಆಕ್ಷೇಪಗಳಿವೆ. ಡಿ3 ವಿಟಮಿನ್ ತಯಾರಾಗಲು ಬೇಕಾದ ಯುವಿಬಿ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ, ಆದರೆ ಬಿಸಿಯನ್ನು ಒಳಗೆ ಬಿಡುತ್ತದೆ. ಬಿಸಿಲಿಗಿಟ್ಟ ಗಾಜಿನ ತೊಟ್ಟಿಯಲ್ಲಿ ಮರಿ ಬಹಳ ಬೇಗ ಬೆಂದುಹೋಗುತ್ತದೆ. ಹೊರಗೆ ನೆರಳು ಬಿಸಿಲು ಎರಡೂ ಇರುವ ಜಾಗದಲ್ಲಿ, ಜಾಲರಿ ಮುಚ್ಚಿದ ಬುಟ್ಟಿಯಲ್ಲಿ ಬೆಳಗಿನ ಹದಿನೈದು ನಿಮಿಷ ಕಣ್ಗಾವಲಿನಲ್ಲಿ ಬಿಟ್ಟರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಮರಿಯ ಕೆಳಚಿಪ್ಪಿನ ಕೀಲು ಮೊದಲ ಕೆಲವು ವರ್ಷ ಕೆಲಸ ಮಾಡುವುದಿಲ್ಲ, ದೊಡ್ಡ ಆಮೆಯಂತೆ ಅದು ಚಿಪ್ಪನ್ನು ಮುಚ್ಚಿಕೊಳ್ಳಲಾರದು. ಕಾಗೆ, ಇಲಿ, ಇರುವೆ ಎಲ್ಲವೂ ಅದಕ್ಕೆ ಅಪಾಯವೇ. ಒಳಗೆ ಬಳಸಲು ಟ್ಯೂಬ್ ದೀಪವೇ ಸರಿ. ಝೂ ಮೆಡ್‌ನ ರೆಪ್ಟಿಸನ್ 5.0 ಮತ್ತು ಆರ್ಕೇಡಿಯಾದ 6 ಪ್ರತಿಶತದ ಟ್ಯೂಬ್ ಎರಡನ್ನೂ ನಾನು ಮೆಚ್ಚುತ್ತೇನೆ, ಸುರುಳಿಯಾಕಾರದ ಚಿಕ್ಕ ಬಲ್ಬುಗಳನ್ನು ಮೆಚ್ಚುವುದಿಲ್ಲ, ಏಕೆಂದರೆ ಅವುಗಳ ಕಿರಣ ಒಂದೇ ಕಡೆ ಬೀಳುತ್ತದೆ. ಹೆಸರಿಲ್ಲದ ಅಗ್ಗದ ದೀಪದ ಪೆಟ್ಟಿಗೆಯ ಮೇಲೆ ಯುವಿಬಿ ಎಂದು ಬರೆದಿದ್ದ ಮಾತ್ರಕ್ಕೆ ಅದರಲ್ಲಿ ಯುವಿಬಿ ಇರುತ್ತದೆಂದು ತಿಳಿಯಬೇಡಿ. ಒಳ್ಳೆಯ ಟ್ಯೂಬಾದರೂ ಬೆಳಕು ಕಾಣುತ್ತಿರುವಾಗಲೇ ಯುವಿಬಿ ಕುಂದಿರುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ಲೆಟಸ್. ಈ ವಯಸ್ಸಿನ ಮರಿ ಬಹುಪಾಲು ಮಾಂಸಾಹಾರಿ, ಅದರಲ್ಲೂ ಅಲುಗಾಡುವುದನ್ನು ಕಂಡರೆ ಮಾತ್ರ ಬಾಯಿ ತೆರೆಯುತ್ತದೆ. ಚಿಕ್ಕ ಎರೆಹುಳುವನ್ನು, ದೊಡ್ಡದಾದರೆ ಕತ್ತರಿಸಿದ ತುಂಡನ್ನು, ಅದರ ಮುಂದೆ ಇಟ್ಟು ನೋಡಿ: ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದೇ ಕಣ್ಣಿನಿಂದ ಬಹಳ ಹೊತ್ತು ದಿಟ್ಟಿಸಿ, ಥಟ್ಟನೆ ಕಚ್ಚಿ, ಬಾಯಿಂದ ಹೊರಗುಳಿದ ಭಾಗವನ್ನು ಮುಂಗಾಲಿನಿಂದ ಒರೆಸಿ ಒರೆಸಿ ಒಳಗೆ ತಳ್ಳುತ್ತದೆ. ಗೊಬ್ಬರದ ಗುಂಡಿಯ ಕೆಂಪು ಎರೆಹುಳು ಕೆಟ್ಟ ವಾಸನೆಯ ದ್ರವವನ್ನು ಬಿಡುವುದರಿಂದ ಕೆಲವು ಮರಿಗಳು ಅದನ್ನು ಉಗುಳುತ್ತವೆ, ತೋಟದ ಮಣ್ಣಿನ ಹುಳುವೇ ಮೇಲು, ಆದರೆ ಔಷಧಿ ಹೊಡೆದ ತೋಟದ್ದು ಬೇಡ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೀಲ್‌ವರ್ಮ್ ಅನ್ನೇ ದಿನವೂ ಹಾಕಬೇಡಿ, ಅದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ರಂಜಕ ಬೆರೆಯದ ಕ್ಯಾಲ್ಸಿಯಂ ಪುಡಿಯನ್ನು ಆಹಾರದ ಮೇಲೆ ಚಿಟಿಕೆಯಷ್ಟು ಉದುರಿಸಿ. ರೆಪ್‌ಕ್ಯಾಲ್ ನನಗೆ ಒಗ್ಗಿದೆ, ಬೇರೆಯದೂ ಆಗಬಹುದು. ನಾಯಿ ಬೆಕ್ಕಿನ ಆಹಾರ ಕೊಡಬಹುದು ಎಂದು ಮೇಲೆ ಒಬ್ಬರು ಬರೆದಿರುವುದನ್ನು ದಯವಿಟ್ಟು ಪಾಲಿಸಬೇಡಿ. ತುರಿದ ಕುಂಬಳಕಾಯಿ, ಸಿಹಿಗೆಣಸು, ಅಣಬೆ, ಹಣ್ಣಿನ ಚೂರನ್ನು ಹುಳುವಿನ ಜೊತೆ ಬೆರೆಸುತ್ತ ಹೋದರೆ ದೊಡ್ಡದಾಗುತ್ತ ಅದೂ ರೂಢಿಯಾಗುತ್ತದೆ.

ಕಣ್ಣಿನ ಊತಕ್ಕೆ ಎ ವಿಟಮಿನ್ ಕೊರತೆಯೂ ಕಾರಣವಾಗಬಹುದು, ಬರೀ ಲೆಟಸ್ ತಿಂದ ಮರಿಯಲ್ಲಿ ಅದನ್ನು ಅನುಮಾನಿಸುವುದು ನ್ಯಾಯವೇ. ಆದರೆ ಮನೆಯಲ್ಲಿಯೇ ಎ ವಿಟಮಿನ್ ಹನಿಗಳನ್ನು ಕುಡಿಸುವುದು, ಚುಚ್ಚುಮದ್ದು ಕೊಡಿಸುವುದು ಅಪಾಯ. ಪ್ರಮಾಣ ಮೀರಿದರೆ ಚರ್ಮವೇ ಸುಲಿದು ಬರುತ್ತದೆ. ಅದನ್ನು ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರು ನಿರ್ಧರಿಸಲಿ. ಕಣ್ಣಿನ ಹಿಂದೆ, ಕಿವಿಯ ಜಾಗದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಅದು ಕೀವುಗಡ್ಡೆ. ಆಮೆಯ ಕೀವು ದ್ರವವಾಗಿರದೆ ಗಟ್ಟಿಯಾಗಿ ಕಟ್ಟಿರುತ್ತದೆ, ಹನಿ ಮದ್ದಿಗೆ ಕರಗುವುದಿಲ್ಲ, ವೈದ್ಯರು ಕೊಯ್ದು ತೆಗೆಯಬೇಕಾಗುತ್ತದೆ.

ಜೊತೆಗೆ ಇನ್ನೊಂದು ತನ್ನಿ, ಒಂಟಿಯಾದ್ದರಿಂದ ಕುಗ್ಗಿದೆ ಎಂಬ ಸಲಹೆಯೂ ಬಂದಿದೆ. ಬಾಕ್ಸ್ ಆಮೆಗೆ ಸಂಗಾತಿಯ ಅಗತ್ಯವಿಲ್ಲ, ಎರಡನ್ನು ಇಟ್ಟರೆ ಒಂದು ತಿಂದು ಬೆಳೆಯುತ್ತದೆ, ಇನ್ನೊಂದು ಮೂಲೆ ಸೇರುತ್ತದೆ. ಕಾಡಿನಿಂದ ಹಿಡಿದು ತಂದದ್ದು ಪರೋಪಜೀವಿಗಳನ್ನೂ ಹೊತ್ತು ತರುತ್ತದೆ. ಈ ಕುಲವೆಲ್ಲ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಅನುಬಂಧಗಳಲ್ಲಿ ಸೇರಿರುವುದು ಹಿಡಿದು ಮಾರುವವರಿಂದಾಗಿಯೇ. ಈ ವರ್ಷ ಚಳಿನಿದ್ದೆಗೂ ಬಿಡಬೇಡಿ. ಪೂರ್ತಿ ತಣ್ಣಗೂ ಅಲ್ಲದ, ಬೆಚ್ಚಗೂ ಅಲ್ಲದ ಕೋಣೆಯಲ್ಲಿ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ, ಆದರೆ ಮೈಯಲ್ಲಿರುವ ಶಕ್ತಿ ಕರಗುತ್ತಲೇ ಇರುತ್ತದೆ.

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ತಂದು ಇವತ್ತಿನ ತೂಕವನ್ನು ಬರೆದಿಡಿ, ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ, ನೀರಿಗೆ ಬಿಡುವ ಮುಂಚೆ ತೂಗಿ. ನೀರು, ತೇವ, ಹುಳು ಮೂರೂ ಸಿಕ್ಕಿದ ಮೇಲೂ ನಾಲ್ಕು ದಿನದಲ್ಲಿ ಕಣ್ಣು ತೆರೆಯದಿದ್ದರೆ ವೈದ್ಯರ ಬಳಿ ಹೋಗಿ. ಮೂಗಿನಿಂದ ಗುಳ್ಳೆ ಬರುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಆ ನಾಲ್ಕು ದಿನವನ್ನೂ ಕಾಯಬೇಡಿ. ಕರೆದೊಯ್ಯುವಾಗ ಗಾಳಿಯಾಡುವ ಚಿಕ್ಕ ಡಬ್ಬದಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ, ನೀರು ಇಡಬೇಡಿ, ಹೊಸ ಮಲ ಸಿಕ್ಕಿದರೆ ಬೇರೆ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ತೊಟ್ಟಿಯ ಫೋಟೊವನ್ನೂ ತೋರಿಸಿ. ಅಷ್ಟರಲ್ಲಿ ಪಾಚಿಯ ಅಡಿಯ ತೇವಾಂಶ ಎಷ್ಟು, ಬಲ್ಬಿನ ಕೆಳಗೆ ಎಷ್ಟು ಡಿಗ್ರಿ, ಮರಿಯ ತೂಕ ಎಷ್ಟು ಎಂಬುದನ್ನು ಇಲ್ಲಿಯೇ ಬರೆಯಿರಿ, ಮೇಲ್ಚಿಪ್ಪಿನ ಮತ್ತು ಹಿಂಗಾಲಿನ ಬೆರಳುಗಳ ಸ್ಪಷ್ಟ ಫೋಟೊ ಹಾಕಿದರೆ ಯಾವ ಜಾತಿಯೆಂದು ಹೇಳಲು ಪ್ರಯತ್ನಿಸುತ್ತೇನೆ.