ಪರೀಕ್ಷೆ ಹೊತ್ತಿಗೇ ಕಷ್ಟ ಎದುರಾದರೆ

ಆಸ್ಟ್ರೇಲಿಯಾದಲ್ಲಿ ಓದುತ್ತಿರುವವರಿಂದಲೂ, ಇಲ್ಲಿಂದ ಫೀಸು ಕಳಿಸುತ್ತಿರುವ ಹೆತ್ತವರಿಂದಲೂ ‘ಸ್ಪೆಷಲ್ ಕನ್ಸಿಡರೇಶನ್’ (ಅನಿರೀಕ್ಷಿತ ಕಷ್ಟದಿಂದ ಪರೀಕ್ಷೆಗೋ ಸಲ್ಲಿಕೆಗೋ ತೊಂದರೆಯಾದಾಗ ವಿಶ್ವವಿದ್ಯಾಲಯದಲ್ಲಿ ಕೇಳುವ ವಿನಾಯಿತಿ) ಕುರಿತು ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಕೊನೆಗೆ ಹಾಸನದ ಒಂದು ಪ್ರಶ್ನೆಯೂ ಇದೆ.

ಪ್ರಶ್ನೆ: ಸಿಡ್ನಿಯ ಯುಎನ್‌ಎಸ್‌ಡಬ್ಲ್ಯೂನಲ್ಲಿ (ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ) ಮಾಸ್ಟರ್ಸ್ ಮಾಡುತ್ತಿದ್ದೇನೆ. ಫೈನಲ್ ಪರೀಕ್ಷೆಯ ಹಿಂದಿನ ರಾತ್ರಿಯಿಂದ ವಾಂತಿ-ಭೇದಿ. ಹೇಗೋ ಹೋಗಿ ಕೂತೆ, ಅರ್ಧ ಪೇಪರ್ ಬಿಟ್ಟುಬಂದೆ. ಈಗ ಅರ್ಜಿ ಹಾಕಿದರೆ ಮಾರ್ಕ್ಸ್ ಸೇರಿಸುತ್ತಾರೆಯೇ?

ಉತ್ತರ: ಮಾರ್ಕ್ಸ್ ಸೇರಿಸುವ ಪದ್ಧತಿ ಇಲ್ಲ. ಅರ್ಜಿ ಒಪ್ಪಿಗೆಯಾದರೆ ಸಾಮಾನ್ಯವಾಗಿ ಸಿಗುವುದು ಹೆಚ್ಚಿನ ಸಮಯ ಅಥವಾ ಇನ್ನೊಮ್ಮೆ ಪರೀಕ್ಷೆ ಬರೆಯುವ ಅವಕಾಶ. ಆದರೆ ನಿಮಗೆ ಅದೂ ಕಷ್ಟವಾಗಬಹುದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ‘ಫಿಟ್ ಟು ಸಿಟ್’ ನಿಯಮವಿದೆ. ಪರೀಕ್ಷೆಗೆ ಕೂತಿರಿ ಎಂದರೆ ‘ನನ್ನ ಆರೋಗ್ಯ ಸರಿಯಿದೆ’ ಎಂದು ನೀವೇ ಒಪ್ಪಿಕೊಂಡ ಹಾಗೆ. ಪರೀಕ್ಷೆ ತಪ್ಪಿಸಿದರೆ ಸೆಮಿಸ್ಟರೇ ಹೋದಂತೆ ಎಂಬ ನಮ್ಮೂರಿನ ಭಯದಿಂದ ಎಷ್ಟೋ ಮಂದಿ ಜ್ವರದಲ್ಲೂ ಹೋಗಿ ಕೂರುತ್ತಾರೆ. ಅಲ್ಲಿ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಮೈ ಸರಿಯಿಲ್ಲದಿದ್ದರೆ ಹಾಲ್‌ಗೆ ಹೋಗಬೇಡಿ. ಅವತ್ತೇ ಜಿಪಿ (ಅಲ್ಲಿನ ಸಾಮಾನ್ಯ ವೈದ್ಯರು) ಹತ್ತಿರ ಹೋಗಿ ಸರ್ಟಿಫಿಕೇಟ್ ಪಡೆದು, ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

ಬರೆಯುತ್ತಿರುವಾಗಲೇ ಆರೋಗ್ಯ ಕೆಟ್ಟಿದ್ದರೆ ಮಾತು ಬೇರೆ. ಪೆನ್ನು ಕೆಳಗಿಟ್ಟು, ಮೇಲ್ವಿಚಾರಕರಿಗೆ ಹೇಳಿ ದಾಖಲು ಮಾಡಿಸಿ ಹೊರಗೆ ಬಂದು ಅದೇ ದಿನ ಡಾಕ್ಟರನ್ನು ಕಂಡಿರಬೇಕು. ನೀವು ಹಾಗೆ ಮಾಡಿದ್ದರೆ ಅದನ್ನು ಬರೆದು ಇವತ್ತೇ ಅರ್ಜಿ ಹಾಕಿ. ಮೂರು ಗಂಟೆ ಪೂರ್ತಿ ಕೂತು ಬಂದಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ತಂದೆಗೆ ಬೆಂಗಳೂರಿನಲ್ಲಿ ದಿಢೀರನೆ ಬೈಪಾಸ್ ಆಯಿತು, ಓಡಿಬಂದಿದ್ದೇನೆ. ಶುಕ್ರವಾರ ಒಂದು ಎಸ್ಸೆ ಸಲ್ಲಿಸಬೇಕಿತ್ತು, ಮುಂದಿನ ವಾರ ಒಂದು ಟೆಸ್ಟ್ ಮತ್ತು ಗ್ರೂಪ್ ಪ್ರೆಸೆಂಟೇಶನ್ ಇದೆ. ಯಾವ ದಾಖಲೆ ಕೊಡಲಿ?

ಉತ್ತರ: ದಾಖಲೆಗಿಂತ ಮೊದಲು ಗಡುವು ನೋಡಿ. ನಿಮ್ಮಲ್ಲಿ ಸಲ್ಲಿಕೆಯ ದಿನ ಕಳೆದ ಮೇಲೆ ಮೂರು ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ಶುಕ್ರವಾರದ ಎಸ್ಸೆಗೆ ಬುಧವಾರ ಕೊನೆ. ನಡುವೆ ಸರ್ಕಾರಿ ರಜೆ ಬಂದರೆ ಗುರುವಾರ. ಗಡಿಯಾರ ಮಾತ್ರ ಸಿಡ್ನಿಯದು. ಅಲ್ಲಿ ಬೇಸಿಗೆಯ ಸಮಯ ಜಾರಿಯಲ್ಲಿದ್ದಾಗ ಮಧ್ಯರಾತ್ರಿ ಎಂದರೆ ಬೆಂಗಳೂರಿನಲ್ಲಿ ಸಂಜೆ ಆರೂವರೆ, ಉಳಿದ ತಿಂಗಳುಗಳಲ್ಲಿ ಏಳೂವರೆ. ‘ಇನ್ನೂ ರಾತ್ರಿಯಿದೆ’ ಎಂದು ಆಸ್ಪತ್ರೆಯಲ್ಲಿ ಕೂತವರಿಗೆ ಪೋರ್ಟಲ್ ಮುಚ್ಚಿಹೋಗಿರುತ್ತದೆ. ದಾಖಲೆ ಕೈಗೆ ಬಂದಿಲ್ಲವೆಂದು ಕಾಯಬೇಡಿ. ಅರ್ಜಿ ಹಾಕಿ, ‘ಆಸ್ಪತ್ರೆಯ ಪತ್ರ ಇಂಥ ದಿನ ಸಿಗುತ್ತದೆ’ ಎಂದು ಅದರಲ್ಲೇ ಬರೆದು ಆಮೇಲೆ ಸೇರಿಸಿ.

ಮೂರಕ್ಕೂ ಬೇರೆಬೇರೆಯಾಗಿ ಕೇಳಿ. ಒಂದಕ್ಕೆ ಒಪ್ಪಿಗೆ ಸಿಕ್ಕಿತೆಂದರೆ ಉಳಿದವಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಆ ವಿಷಯ ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಇಮೇಲ್ ಹಾಕಿದೆ, ಅವರು ‘ಚಿಂತೆ ಬೇಡ’ ಎಂದರು ಎನ್ನುವುದು ಅರ್ಜಿಯಲ್ಲ. ಎಷ್ಟೋ ಜನ ಜಾರಿಬೀಳುವುದು ಇಲ್ಲೇ. ಗ್ರೂಪ್ ಕೆಲಸದ ವಿಷಯ ಗೆಳೆಯರಿಗೂ ಟ್ಯೂಟರ್‌ಗೂ ಇವತ್ತೇ ತಿಳಿಸಿ, ನಿಮ್ಮ ಪಾಲನ್ನು ಬೇರೆಯಾಗಿ ಒಪ್ಪಿಸಬಹುದೇ ಎಂದು ಕೇಳಿ.

ಇನ್ನು ದಾಖಲೆ. ಅರ್ಜಿ ನೋಡುವವರು ಅಳೆಯುವುದು ದುಃಖವನ್ನಲ್ಲ, ದಿನಾಂಕಗಳನ್ನು. ತೊಂದರೆ ಯಾವತ್ತು ಶುರುವಾಯಿತು, ಎಷ್ಟು ದಿನ ಇತ್ತು, ಆ ದಿನಗಳು ಪರೀಕ್ಷೆಯ ತಯಾರಿಯ ದಿನಗಳ ಮೇಲೆ ಬೀಳುತ್ತವೆಯೇ ಎನ್ನುವುದೇ ಮುಖ್ಯ. ಡಿಸ್ಚಾರ್ಜ್ ಸಮ್ಮರಿಯಲ್ಲಿ ತಂದೆಯ ಹೆಸರು, ಅಡ್ಮಿಟ್ ಆದ ದಿನ, ಆಪರೇಷನ್ ದಿನ ಇರುತ್ತವೆ. ನೀವು ಅವರ ಮಗಳು ಎನ್ನುವುದಕ್ಕೆ ಪಾಸ್‌ಪೋರ್ಟ್‌ನ ತಂದೆಯ ಹೆಸರಿರುವ ಪುಟ ಸಾಕು. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಆಸ್ಪತ್ರೆಯಿಂದ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ: ರೋಗಿಯ ಆರೈಕೆಗೆ ಮಗಳು ಇಂಥ ದಿನದಿಂದ ಇಂಥ ದಿನದವರೆಗೆ ಜೊತೆಗಿರಬೇಕಾಗಿದೆ, ಡಾಕ್ಟರ ಸಹಿ, ನೋಂದಣಿ ಸಂಖ್ಯೆ, ಸೀಲು. ಕನ್ನಡದಲ್ಲಷ್ಟೇ ಇರುವ ಕಾಗದವಾದರೆ ‘ನಾಟಿ’ (NAATI, ಅನುವಾದಕರಿಗೆ ಮಾನ್ಯತೆ ಕೊಡುವ ಆಸ್ಟ್ರೇಲಿಯಾದ ಸಂಸ್ಥೆ) ಮಾನ್ಯತೆ ಪಡೆದವರಿಂದ ಅನುವಾದ ಮಾಡಿಸುವುದು ಕ್ಷೇಮ. ಮನೆಯಲ್ಲಿ ಸಾವಾದ ಸಂದರ್ಭದಲ್ಲಿ ಈ ತಾಪತ್ರಯ ಕಡಿಮೆ, ಕರ್ನಾಟಕದ ಮರಣ ಪ್ರಮಾಣಪತ್ರ ಕನ್ನಡ-ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವೈಕುಂಠ ಸಮಾರಾಧನೆ ಮುಗಿಯಲಿ ಎಂದು ಕಾಯದೆ ಯಾರನ್ನಾದರೂ ಕಳಿಸಿ.

ಪರಿಣಾಮ ವಿವರಿಸುವ ಜಾಗದಲ್ಲಿ ‘ಬಹಳ ಒತ್ತಡದಲ್ಲಿದ್ದೇನೆ, ದಯವಿಟ್ಟು ಸಹಕರಿಸಿ’ ಎಂದು ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಸೋಮವಾರ ತಂದೆ ಐಸಿಯು ಸೇರಿದರು. ಮಂಗಳವಾರ ಸಿಡ್ನಿಯಿಂದ ಹೊರಟೆ. ಬುಧವಾರದಿಂದ ಶುಕ್ರವಾರದವರೆಗೆ ಆಸ್ಪತ್ರೆಯಲ್ಲಿದ್ದೆ. ಎಸ್ಸೆಗೆ ಇಟ್ಟುಕೊಂಡಿದ್ದ ನಾಲ್ಕು ದಿನಗಳೂ ಇದರಲ್ಲಿ ಹೋದವು. ಅರ್ಧದಷ್ಟು ಕರಡು ಸಿದ್ಧವಿದೆ.’ ಕರಡನ್ನೂ ಲಗತ್ತಿಸಿದರೆ ಒಳ್ಳೆಯದು.

ಒಪ್ಪಿಗೆ ಸಿಕ್ಕಿದ ಮೇಲೆ ಮರುಪರೀಕ್ಷೆಯ ದಿನ ಅವರು ಗೊತ್ತುಮಾಡುತ್ತಾರೆ, ನೀವಲ್ಲ. ಆ ದಿನ ಪ್ರಯಾಣದ ಟಿಕೆಟ್ ತೋರಿಸಿದರೆ ಒಪ್ಪುವುದಿಲ್ಲ. ಮರುಪರೀಕ್ಷೆಗಳ ವಾರ ಮುಗಿಯುವವರೆಗೆ ಮುಂದಿನ ಟಿಕೆಟ್ ಬುಕ್ ಮಾಡಬೇಡಿ.

ಪ್ರಶ್ನೆ: ದಾವಣಗೆರೆಯ ತಾಯಿ. ಮೆಲ್ಬರ್ನ್‌ನಲ್ಲಿರುವ ಮಗ ತಿಂಗಳುಗಳಿಂದ ಮಂಕಾಗಿದ್ದಾನೆ, ಕ್ಲಾಸಿಗೆ ಹೋಗುತ್ತಿಲ್ಲ. ನಾನೇ ವಿಶ್ವವಿದ್ಯಾಲಯಕ್ಕೆ ಬರೆದು ವಿನಾಯಿತಿ ಕೇಳಬಹುದೇ? ವೀಸಾಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ಅಮ್ಮ, ನೀವು ಬರೆದರೂ ಅವರು ಅವನ ವಿವರ ಕೊಡುವುದಿಲ್ಲ. ವಯಸ್ಕ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು. ಹಾಗೆಂದು ಬರೆಯಲೇಬಾರದೆಂದಲ್ಲ. ಜೀವದ ಬಗ್ಗೆ ಆತಂಕವಿದ್ದರೆ ವಿಶ್ವವಿದ್ಯಾಲಯದ ಭದ್ರತಾ ವಿಭಾಗಕ್ಕೆ ಅಥವಾ ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಫೋನ್ ಮಾಡಿ. ಅವರು ಹೋಗಿ ನೋಡುತ್ತಾರೆ, ನಿಮಗೆ ಏನನ್ನೂ ಹೇಳದಿದ್ದರೂ. ಮಗನ ಹತ್ತಿರ ಯಾರಾದರೂ ಇದ್ದರೆ ಅಲ್ಲಿನ ತುರ್ತು ಸಂಖ್ಯೆ 000ಗೆ ಅವರಿಂದ ಕರೆ ಮಾಡಿಸಿ.

ತಿಂಗಳುಗಟ್ಟಲೆ ಇರುವ ಖಿನ್ನತೆಗೆ ಸ್ಪೆಷಲ್ ಕನ್ಸಿಡರೇಶನ್ ಸರಿಯಾದ ಬಾಗಿಲಲ್ಲ, ಅದು ಅನಿರೀಕ್ಷಿತ ಕಷ್ಟಕ್ಕೆ ಇರುವಂಥದ್ದು. ಅವನು ಮಾಡಬೇಕಾದದ್ದು ಅಂಗವೈಕಲ್ಯ ಮತ್ತು ನೆರವಿನ ವಿಭಾಗದಲ್ಲಿ ಹೆಸರು ದಾಖಲಿಸುವುದು. ಡಾಕ್ಟರ ವರದಿಯ ಮೇಲೆ ಇಡೀ ಸೆಮಿಸ್ಟರ್‌ಗೆ ಒಂದು ಯೋಜನೆ ಮಾಡಿಕೊಡುತ್ತಾರೆ, ಪ್ರತಿ ಸಲ ಹೊಸ ಸರ್ಟಿಫಿಕೇಟ್ ಹುಡುಕುವ ಗೋಳು ತಪ್ಪುತ್ತದೆ. ಓದನ್ನೇ ಬಿಡುವ ಸ್ಥಿತಿಯಾದರೆ ‘ಸೆನ್ಸಸ್ ಡೇಟ್’ (ಸೆಮಿಸ್ಟರ್‌ನ ವಿಷಯಗಳ ನೋಂದಣಿ ಖಾಯಂ ಆಗುವ ದಿನ) ನೋಡಿ, ಅದರೊಳಗೆ ವಿಷಯ ಕೈಬಿಟ್ಟರೆ ಫೇಲ್ ಎಂದು ದಾಖಲಾಗುವುದಿಲ್ಲ.

ವೀಸಾದ ಮಾತು: ಪರದೇಶದ ವಿದ್ಯಾರ್ಥಿಗಳ ನ್ಯಾಷನಲ್ ಕೋಡ್ 2018ರಲ್ಲಿ ಗಂಭೀರ ಕಾಯಿಲೆ, ತಂದೆ-ತಾಯಿ ಅಥವಾ ಅಜ್ಜ-ಅಜ್ಜಿಯ ಮರಣದಂಥ ಕಾರಣಕ್ಕೆ ಓದನ್ನು ತಾತ್ಕಾಲಿಕವಾಗಿ ನಿಲ್ಲಿಸಲು ದಾರಿಯಿದೆ. ವಿಶ್ವವಿದ್ಯಾಲಯವೇ ಅದನ್ನು ಸರ್ಕಾರದ ವ್ಯವಸ್ಥೆಗೆ ತಿಳಿಸುತ್ತದೆ. ನಿಲ್ಲಿಸುವ ಮುಂಚೆ ಮಗ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವೀಸಾ ಪರಿಣಾಮ ಕೇಳಿಕೊಳ್ಳಲಿ. ಹೇಳದೆ ಕೇಳದೆ ಕ್ಲಾಸ್ ಬಿಡುವುದು, ನೋಂದಣಿ ರದ್ದಾಗಲು ಬಿಡುವುದು ಎಲ್ಲಕ್ಕಿಂತ ಅಪಾಯ.

ಪ್ರಶ್ನೆ: ಊರಿನ ಪರಿಚಯದ ಡಾಕ್ಟರ್ ಹಿಂದಿನ ತಾರೀಖು ಹಾಕಿ ಸರ್ಟಿಫಿಕೇಟ್ ಕೊಡುತ್ತಾರೆ. ತೊಂದರೆಯಿಲ್ಲ ತಾನೇ?

ಉತ್ತರ: ತೊಂದರೆಯಿದೆ. ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ಪದ್ಧತಿ ಅಲ್ಲಿದೆ. ಸಿಕ್ಕಿಬಿದ್ದರೆ ಶಿಸ್ತುಕ್ರಮ, ಡಿಗ್ರಿಗೇ ಸಂಚಕಾರ. ದಾಖಲೆ ನಿಜವಾಗಿಯೂ ಸಿಗದ ಕಷ್ಟವಾಗಿದ್ದರೆ ‘ಸ್ಟ್ಯಾಚುಟರಿ ಡಿಕ್ಲರೇಶನ್’ (ಸಾಕ್ಷಿಯ ಮುಂದೆ ಸಹಿ ಮಾಡಿಕೊಡುವ ಕಾನೂನುಬದ್ಧ ಹೇಳಿಕೆ) ಒಂದು ಉಪಾಯ, ಕೆಲವು ಸಂದರ್ಭಗಳಲ್ಲಿ ಸ್ವೀಕರಿಸುತ್ತಾರೆ. ಅದರಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ನಾಲ್ಕು ವರ್ಷದವರೆಗೆ ಜೈಲು.

ಪ್ರಶ್ನೆ: ಅರ್ಜಿ ತಿರಸ್ಕೃತವಾಗಿದೆ. ಮುಂದೇನು?

ಉತ್ತರ: ನಿರ್ಣಯದ ಪತ್ರದಲ್ಲಿ ಕಾರಣ ಓದಿ. ‘ದಾಖಲೆ ಸಾಲದು’ ಎಂದಿದ್ದರೆ ಹೊಸ ದಾಖಲೆಯೊಂದಿಗೆ ಮರುಪರಿಶೀಲನೆ ಕೇಳಿ. ಹಳೆಯದನ್ನೇ ಇನ್ನಷ್ಟು ಉದ್ದ ಬರೆದು ಕಳಿಸಿದರೆ ಹಳೆಯ ಉತ್ತರವೇ ಬರುತ್ತದೆ. ಮೇಲ್ಮನವಿಗೂ ಗಡುವು ಇದೆ, ಪತ್ರದ ಕೊನೆಯಲ್ಲಿ ಇರುತ್ತದೆ. ವಿದ್ಯಾರ್ಥಿ ಸಂಘದ ಅಡ್ವೊಕೇಟ್‌ಗಳು (ವಿದ್ಯಾರ್ಥಿಗಳ ಪರ ಸಲಹೆ ಕೊಡುವವರು) ಕರಡು ನೋಡಿಕೊಡುತ್ತಾರೆ, ಸಂಕೋಚ ಬೇಡ. ಒಳಗಿನ ದಾರಿಗಳೆಲ್ಲ ಮುಗಿದರೆ 2025ರ ಫೆಬ್ರವರಿ 1ರಿಂದ ಕೆಲಸ ಶುರುಮಾಡಿರುವ ನ್ಯಾಷನಲ್ ಸ್ಟೂಡೆಂಟ್ ಆಂಬುಡ್ಸ್‌ಮನ್ (ವಿದ್ಯಾರ್ಥಿಗಳ ದೂರು ವಿಚಾರಿಸುವ ಸರ್ಕಾರಿ ಕಚೇರಿ) ಇದೆ, ಶುಲ್ಕವಿಲ್ಲ. ನಿಮ್ಮ ಉತ್ತರಕ್ಕೆ ಎಷ್ಟು ಅಂಕ ಬರಬೇಕಿತ್ತು ಎನ್ನುವುದಕ್ಕೆ ಅವರು ಕೈಹಾಕುವುದಿಲ್ಲ, ನಿಯಮ ಸರಿಯಾಗಿ ಪಾಲಿಸಿದರೇ ಎಂದು ನೋಡುತ್ತಾರೆ.

ಪ್ರಶ್ನೆ: ಹಾಸನದಲ್ಲಿ ವಿಟಿಯು ಬಿಇ ಓದುತ್ತಿದ್ದೇನೆ. ಡೆಂಗಿಯಿಂದ ಒಂದು ವಿಷಯದಲ್ಲಿ 60 ಕ್ಲಾಸಿಗೆ 47 ಮಾತ್ರ ಆಗಿದೆ. ಪರೀಕ್ಷೆಗೆ ಬಿಡುತ್ತಾರೆಯೇ?

ಉತ್ತರ: ವಿಟಿಯುನಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು, ನಿಮ್ಮ ಲೆಕ್ಕದಲ್ಲಿ 51 ಕ್ಲಾಸು. ವೈದ್ಯಕೀಯ ಕಾರಣಕ್ಕೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ಮನ್ನಾ ಆಗಬಹುದು, ಅಂದರೆ 45 ಕ್ಲಾಸಿನವರೆಗೆ. ನೀವು ಆ ಗೆರೆಗಿಂತ ಮೇಲಿದ್ದೀರಿ. ಆದರೆ ಇದು ಹಕ್ಕಲ್ಲ, ಶಿಫಾರಸು ಬೇಕು. ಡಿಸ್ಚಾರ್ಜ್ ಸಮ್ಮರಿ, ರಕ್ತಪರೀಕ್ಷೆಯ ವರದಿ, ಪೋಷಕರ ಪತ್ರ ಸೇರಿಸಿ ಎಚ್‌ಒಡಿ ಮೂಲಕ ಈಗಲೇ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೆಮಿಸ್ಟರ್ ಮುಗಿದು ಹಾಜರಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಹೋದರೆ ಅದೇ ಕಾಗದಗಳಿದ್ದರೂ ಕೆಲಸ ಕಷ್ಟ. ಆ ದಿನಗಳಲ್ಲಿ ಇಂಟರ್ನಲ್ ಟೆಸ್ಟ್ ಏನಾದರೂ ತಪ್ಪಿದ್ದರೆ ಅದಕ್ಕೆ ಬೇರೆ ಅರ್ಜಿ. ಹಾಜರಿ ಮನ್ನಾ ಆದರೂ ಸಿಐಇ (ಆಂತರಿಕ ಮೌಲ್ಯಮಾಪನದ) ಅಂಕ ತಾನಾಗಿ ಬರುವುದಿಲ್ಲ.