ಮುಂಬೈನಲ್ಲಿ ಕ್ಯಾಪ್ಸೂಲ್ ವಾರ್ಡ್‌ರೋಬ್: ಮೊದಲು ಹಗ್ಗ ನೋಡಿ, ಬಣ್ಣ ಆಮೇಲೆ

ನೀವು ಧಾರವಾಡ ಬಿಟ್ಟು ಬಂದು ಬೊರಿವಲಿಯಲ್ಲಿ ಪೇಯಿಂಗ್ ಗೆಸ್ಟ್, ಆಫೀಸು ಅಂಧೇರಿ, ಪಾಲಿಗೆ ಸಿಕ್ಕಿದ್ದು ಅರ್ಧ ಕಪಾಟು. ಕೈಯಲ್ಲಿ ಕ್ಯಾಪ್ಸೂಲ್ ವಾರ್ಡ್‌ರೋಬಿನ, ಅಂದರೆ ಒಂದರೊಡನೊಂದು ಹೊಂದುವ ಕೆಲವೇ ಬಟ್ಟೆಗಳ ಕಪಾಟಿನ, 33ರ ಪಟ್ಟಿ: ಬಿಳಿ ಶರ್ಟು, ಕಪ್ಪು ಪ್ಯಾಂಟು, ಬೀಜ್ (ತಿಳಿ ಮರಳು) ಬಣ್ಣದ ಉದ್ದ ಕೋಟು, ಎರಡು ಜೀನ್ಸ್, ಹೀಗೆ. ಇದ್ದುದನ್ನೆಲ್ಲ ಯಾರಿಗಾದರೂ ಕೊಟ್ಟುಬಿಟ್ಟು ಇದನ್ನೇ ಕೊಳ್ಳಲೇ ಎಂದು ಕೇಳಿದ್ದೀರಿ. ಈ ಊರಿಗೆ ಹೊಸದಾಗಿ ಬಂದಾಗ ನನ್ನ ಕೈಯಲ್ಲೂ ಇಂಥದ್ದೇ ಪಟ್ಟಿ ಇತ್ತು, ಹಾಗಾಗಿ ಸುತ್ತಿಬಳಸದೆ ಹೇಳುತ್ತೇನೆ: ಕೊಳ್ಳಲೂ ಬೇಡಿ, ಕೊಡಲೂ ಬೇಡಿ.

ಕಲ್ಪನೆ ಕೆಟ್ಟದ್ದಲ್ಲ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಸೂಸಿ ಫೋ ಇದನ್ನು ಬಳಕೆಗೆ ತಂದರು. 1985ರಲ್ಲಿ ನ್ಯೂಯಾರ್ಕಿನ ಡೊನ್ನಾ ಕರನ್ ಒಂದರೊಡನೊಂದು ಹೊಂದುವ ಏಳು ಉಡುಪುಗಳ ಸಂಗ್ರಹ ತಂದರು. ನಿಮ್ಮ 33ರ ಲೆಕ್ಕ ಅಮೆರಿಕದ ಕೋರ್ಟ್ನಿ ಕಾರ್ವರ್ 2010ರಲ್ಲಿ ಶುರು ಮಾಡಿದ್ದು. ಅದು ಮೂರು ತಿಂಗಳಿನ ಲೆಕ್ಕ, ಚಪ್ಪಲಿ ಒಡವೆ ಎಲ್ಲ ಸೇರಿ. ಒಳ ಉಡುಪು, ಮನೆಬಟ್ಟೆ ಅದರಲ್ಲಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಈ ಮೂರೂ ಬೆಳೆದ ಊರುಗಳಲ್ಲಿ ನಾಲ್ಕು ತಿಂಗಳು ಎಡೆಬಿಡದ ಮಳೆಯಿಲ್ಲ, ಕಿಟಕಿಗೆ ಕಟ್ಟಿದ ಎರಡು ಮಾರು ಹಗ್ಗದ ಮೇಲೆ ಮೂರು ಜನರ ಬಟ್ಟೆ ಒಣಗುವುದಿಲ್ಲ.

ಎಲ್ಲರೂ ಎಡವುವುದು ಇಲ್ಲೇ. ಬಣ್ಣ ಮೊದಲು ಆರಿಸುತ್ತಾರೆ, ಆಮೇಲೆ ಸಂಖ್ಯೆ, ಬಟ್ಟೆಯ ಜಾತಿ ಕಟ್ಟಕಡೆಗೆ. ಮುಂಬೈನಲ್ಲಿ ಇದನ್ನು ಪೂರ್ತಿ ತಿರುವಿ ಹಾಕಬೇಕು. ಜನವರಿಯಲ್ಲಿ ಕೊಂಡ ಬಟ್ಟೆ ಮೇ ತನಕ ಚಂದ ನಡೆಯುತ್ತದೆ, ಅದರಿಂದಲೇ ಮೋಸ. ಜೂನಿನಲ್ಲಿ ಮಳೆ ಹಿಡಿಯಿತೋ, ಬೆಳಿಗ್ಗೆ ಒಣಹಾಕಿದ ಕುರ್ತಾ ಮರುದಿನ ಮುಟ್ಟಿದರೂ ಕಂಕುಳ ಹೊಲಿಗೆಯಲ್ಲಿ ತಣ್ಣಗಿರುತ್ತದೆ. ಜೀನ್ಸ್ ಅಂತೂ ಕೇಳಬೇಡಿ. 12 ಔನ್ಸಿನ (ಅದು ಚದರ ಗಜದ ತೂಕ) ಡೆನಿಮ್, ಅಂದರೆ ಜೀನ್ಸಿನ ಬಟ್ಟೆ, ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. ಶರ್ಟಿನ ಪಾಪ್ಲಿನ್ 110–120 ಗ್ರಾಂ. ಹೆಚ್ಚು ನೂಲು ಎಂದರೆ ಹೆಚ್ಚು ನೀರು. ಅದರ ಮೇಲೆ ಸೊಂಟಪಟ್ಟಿ, ಜೇಬಿನ ಚೀಲ, ತೊಡೆಸಂದಿನ ಹೊಲಿಗೆ, ಇಲ್ಲೆಲ್ಲ ನಾಲ್ಕೈದು ಪದರ. ಹೊರಗೆ ಕಾಲು ಒಣಗಿದಂತೆ ಕಂಡರೂ ಆ ಪದರಗಳಲ್ಲಿ ಹಸಿ ಉಳಿಯುತ್ತದೆ, ಮುಗ್ಗಲು ವಾಸನೆ ಹುಟ್ಟುವುದು ಅಲ್ಲಿಂದಲೇ. ಅದನ್ನೇ ಹಾಕಿಕೊಂಡು ಲೋಕಲ್ ರೈಲಿನಲ್ಲಿ ಒತ್ತಿಸಿಕೊಂಡು ಹೋದರೆ ತೊಡೆಸಂದಿನಲ್ಲಿ ಗಜಕರ್ಣಕ್ಕೆ ದಾರಿ ಮಾಡಿಕೊಟ್ಟ ಹಾಗೆಯೇ. ಅಷ್ಟರಲ್ಲಿ ನೀವು ಹಳೆಯ ತೆಳು ಸಲ್ವಾರುಗಳನ್ನು ಕೊಟ್ಟುಬಿಟ್ಟಿರುತ್ತೀರಿ, ಜುಲೈಯಲ್ಲಿ ಗಡಿಬಿಡಿಯಿಂದ ಸಿಕ್ಕಿದ್ದನ್ನು ಕೊಳ್ಳುತ್ತೀರಿ. 33 ಅಲ್ಲಿಗೆ 45 ಆಗುತ್ತದೆ.

ಆದ್ದರಿಂದ ಸಂಖ್ಯೆಯನ್ನು ಹಗ್ಗದ ಮೇಲಿಂದ ಎಣಿಸಿ. ಎರಡು ಒಗೆತದ ನಡುವಿನ ದಿನಗಳು, ಒಣಗಲು ಬೇಕಾದ ದಿನಗಳು, ಮಳೆಗಾಲವಾದರೆ ದಾರಿಯಲ್ಲಿ ನೆಂದು ಹೋಗುವ ಒಂದು, ಇವನ್ನು ಕೂಡಿಸಿ. ಬುಧವಾರ ಮತ್ತು ಭಾನುವಾರ ಒಗೆಯುತ್ತೀರಿ ಎಂದುಕೊಂಡರೆ ಹೆಚ್ಚೆಂದರೆ ನಾಲ್ಕು ದಿನದ ಅಂತರ. ಬೇಸಿಗೆಯಲ್ಲಿ 4 ಮತ್ತು 1, ಐದು ಮೇಲುಡುಪು ಸಾಕು. ಮಳೆಯಲ್ಲಿ 4, 2, 1, ಒಟ್ಟು ಏಳು. ಕಪಾಟನ್ನು ಮಳೆಗಾಲದ ಲೆಕ್ಕಕ್ಕೇ ಕಟ್ಟಿ. ನೀವು ವಾರಕ್ಕೊಮ್ಮೆ ಒಗೆಯುವವರಾದರೆ ನಿಮ್ಮ ಸಂಖ್ಯೆ ಬೇರೆ, ಅದಕ್ಕೇ ಬೇರೆಯವರ ಪಟ್ಟಿ ನಂಬಬೇಡಿ ಅನ್ನುವುದು.

ಪ್ಯಾಂಟು ನಾಲ್ಕು ಸಾಕು, ಆದರೆ ತೆಳುವಾದ ಹತ್ತಿ ಅಥವಾ ಹತ್ತಿ-ಪಾಲಿಯೆಸ್ಟರ್ ಮಿಶ್ರ ಆಗಿರಲಿ. ಪೂರ್ತಿ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ನಿಜ. ಆದರೆ ಬೆವರನ್ನು ಹೀರುವುದಿಲ್ಲ, ಸಂಜೆಯ ಹೊತ್ತಿಗೆ ನಾರುತ್ತದೆ. ಕೆಳಗೆ ಪರವಾಗಿಲ್ಲ, ಮೇಲೆ ಬೇಡ. ಪ್ಯಾಂಟಿನ ಉದ್ದ ಕಾಲಿನ ಗಿಣ್ಣಿನಿಂದ ಒಂದಿಂಚು ಮೇಲಕ್ಕೇ ನಿಲ್ಲಬೇಕು. ಅಗಲ ಕಾಲಿನ ಪಲಾಜ್ಜೊ ಪ್ಯಾಂಟು ನೀರನ್ನು ಬತ್ತಿಯಂತೆ ಮೊಣಕಾಲಿನ ತನಕ ಎಳೆದುಕೊಳ್ಳುತ್ತದೆ. ಚಪ್ಪಲಿಯ ಹಿಮ್ಮಡಿಯಿಂದ ಚಿಮ್ಮುವ ಕೆಸರು ಮೀನಖಂಡದ ಹಿಂಭಾಗಕ್ಕೇ ಬೀಳುವುದು, ಆದ್ದರಿಂದ ಮೂರು ಗಾಢ ಬಣ್ಣ (ನೇವಿ, ಗಾಢ ಬೂದು, ಬಾಟಲ್ ಹಸಿರು ಅಥವಾ ಮರೂನ್), ಒಂದು ತಿಳಿ. ಆ ತಿಳಿ ಬಣ್ಣದ್ದು ಅಕ್ಟೋಬರಿನಿಂದ ಮೇ ತನಕ ಮಾತ್ರ. ರಾತ್ರಿ ಮನೆಗೆ ಬಂದಕೂಡಲೇ ಪೂರ್ತಿ ಪ್ಯಾಂಟು ಒಗೆಯಬೇಡಿ. ಕೆಳಗಿನ ಆರಿಂಚು ನಲ್ಲಿಗೆ ಹಿಡಿದು ತಿಕ್ಕಿ, ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿ. ಬೆಳಿಗ್ಗೆಗೆ ತಯಾರು.

ಇನ್ನು ‘ನನ್ನ ಶೈಲಿ ಯಾವುದು’ ಅಂದಿದ್ದೀರಿ. ಕಪಾಟು ತೆರೆದು ನೋಡಿದರೆ ಅದು ಸಿಗುವುದಿಲ್ಲ, ಒಗೆಯುವ ಬುಟ್ಟಿಯಲ್ಲಿ ಹುಡುಕಿ. ಒಂದು ತಿಂಗಳು ಏನನ್ನೂ ಕೊಳ್ಳದೆ ಬುಟ್ಟಿಗೆ ಮತ್ತೆ ಮತ್ತೆ ಬಂದು ಬೀಳುವ ಬಟ್ಟೆ ಯಾವುದೆಂದು ಬರೆದಿಡಿ. ಮೂರ್ನಾಲ್ಕೇ ಇರುತ್ತವೆ. ಅವುಗಳಲ್ಲಿ ಸಮಾನವಾದದ್ದು ಬಣ್ಣವಲ್ಲ, ಬಹುತೇಕ ಕತ್ತು, ತೋಳು ಮತ್ತು ಉದ್ದ. ಅತಿ ಇಷ್ಟದ ಕುರ್ತಾವನ್ನು ಮೇಜಿನ ಮೇಲೆ ಹಾಸಿ ಟೇಪು ಹಿಡಿಯಿರಿ: ಭುಜದ ಹೊಲಿಗೆಯಿಂದ ಭುಜದ ಹೊಲಿಗೆಗೆ, ಕಂಕುಳಿಂದ ಕಂಕುಳಿಗೆ, ತೋಳುಸುತ್ತು, ಕತ್ತಿನ ಆಳ, ಭುಜದಿಂದ ಅಂಚಿನವರೆಗೆ, ಸೀಳು ಎಲ್ಲಿಂದ ಶುರು. ಈ ಆರು ಅಳತೆ ಫೋನಿನಲ್ಲಿರಲಿ. ರೆಡಿಮೇಡ್ ಕೊಳ್ಳುವಾಗ ಎಸ್, ಎಂ, ಎಲ್ ನೋಡದೆ ಟೇಪೇ ನೋಡಿ. ಅಂಗಡಿಯಿಂದ ಅಂಗಡಿಗೆ ‘ಎಂ’ ಎರಡಿಂಚು ಅತ್ತಿತ್ತ ಇರುತ್ತದೆ.

ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ತಿರುಗಿ ನೋಡುವುದು ಆಮೇಲೆ. ಮೊದಲು ಬಲಗೈಯನ್ನು ಲೋಕಲ್ಲಿನ ಹಿಡಿಕೆ ಹಿಡಿದ ಹಾಗೆ ಮೇಲೆತ್ತಿ. ಕಂಕುಳು ಬಿಗಿಯಿತೇ, ಪಕ್ಕದ ಸೀಳು ಸೊಂಟಕ್ಕೆ ಏರಿತೇ, ಹಾಗಾದರೆ ಅದು ಬೊರಿವಲಿಯಿಂದ ಅಂಧೇರಿಯ ತನಕ ನಿಮ್ಮನ್ನು ಕಾಡುವ ಬಟ್ಟೆ. ಹೊಲಿಸುವಾಗ ಎದೆಸುತ್ತಿಗೆ ಮೈಯಳತೆಗಿಂತ 3–4 ಇಂಚು ಸಡಿಲ ಇರಲಿ ಎಂದು ಟೇಲರಿಗೆ ಬಾಯಿಬಿಟ್ಟು ಹೇಳಿ. ಜೇಬು ಕೇಳಿ: ಬಾಯಿ ಆರೂವರೆ ಇಂಚು, ಆಳ ಹತ್ತು. ಪೀಕ್ ಅವರ್‌ನಲ್ಲಿ ಫೋನು ಅದರಲ್ಲಿ ಇಡಬೇಡಿ, ಅದು ಬೇರೆ ಮಾತು.

ಬಟ್ಟೆ ಮೀಟರ್ ಲೆಕ್ಕದಲ್ಲಿ ಕೊಂಡು ಹೊಲಿಸುವುದನ್ನೇ ನಾನು ಹೇಳುತ್ತೇನೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲದಾಸ್ ಮಾರ್ಕೆಟ್, ದಾದರ್ ಪೂರ್ವದ ಹಿಂದಮಾತಾ, ಎರಡೂ ಕಡೆ ಹತ್ತಿ ಧಾರಾಳ. ಮೊಣಕಾಲುದ್ದದ ಕುರ್ತಾಕ್ಕೆ 44 ಇಂಚು ಪನ್ನಾದಲ್ಲಿ (ಬಟ್ಟೆಯ ಅಗಲ) ಎರಡೂವರೆ ಮೀಟರ್. ಅಂಗಡಿಯವರು ‘ಪ್ಯೂರ್ ಕಾಟನ್’ ಎಂದು ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನೂಲಿನ ಬಟ್ಟೆ) ಕೊಡುತ್ತಾರೆ. ಸುಟ್ಟು ನೋಡಿದರೂ ಗೊತ್ತಾಗದು, ಎರಡೂ ಕಾಗದ ಸುಟ್ಟ ವಾಸನೆಯೇ. ಅಂಚಿನಿಂದ ಒಂದು ಎಳೆ ಬಿಡಿಸಿ, ನಡುವೆ ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಎರಡು ಕಡೆಯಿಂದ ಎಳೆಯಿರಿ. ಒದ್ದೆಯಾದ ಜಾಗದಲ್ಲೇ ಸಲೀಸಾಗಿ ಕಿತ್ತು ಬಂದರೆ ವಿಸ್ಕೋಸ್. ಹತ್ತಿ ನೆಂದಾಗ ಇನ್ನೂ ಗಟ್ಟಿ, ವಿಸ್ಕೋಸ್ ನೆಂದಾಗ ಅರ್ಧ ಬಲ ಕಳೆದುಕೊಳ್ಳುತ್ತದೆ. ಹಿಂಡಿ ಒಗೆಯುವ ಮನೆಯಲ್ಲಿ ವಿಸ್ಕೋಸ್ ಕುರ್ತಾ ಹೊಲಿಗೆಯ ಹತ್ತಿರ ಪಿಸಿಯುವುದು ಇದೇ ಕಾರಣಕ್ಕೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಕರವಸ್ತ್ರದಿಂದ ಹತ್ತು ಸಲ ಉಜ್ಜಿ. ಬಿಟ್ಟರೆ ಅಲ್ಲೇ ಬಿಟ್ಟು ಬನ್ನಿ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಎನ್ನುವುದು ಅಂಗಡಿಯವರ ಸಮಾಧಾನ. ತಂದ ಬಟ್ಟೆಯನ್ನು ಕತ್ತರಿಗೆ ಕೊಡುವ ಮೊದಲು ರಾತ್ರಿಯಿಡೀ ನೆನೆಸಿ ಒಣಗಿಸಿ, ಖಾದಿಯಾದರೆ ಎರಡು ಸಲ.

ಫ್ಯಾಷನ್ ಸ್ಟ್ರೀಟ್, ಲಿಂಕಿಂಗ್ ರೋಡಿನ ಟೀ ಶರ್ಟು ಬೇಕಿದ್ದರೆ ಉದ್ದಕ್ಕೆ ಮಡಚಿ ಪಕ್ಕದ ಹೊಲಿಗೆ ನೇರವಿದೆಯೇ ನೋಡಿ. ಓರೆ ಇದ್ದರೆ ಒಗೆದಷ್ಟೂ ಹೊಟ್ಟೆಯ ಕಡೆಗೆ ತಿರುಗುತ್ತದೆ.

ಬಣ್ಣಕ್ಕೆ ಈಗ ಬನ್ನಿ. ಬೆವರು ಅತಿ ಹೆಚ್ಚು ಕಾಣುವುದು ತಿಳಿ ಬೂದು ಮತ್ತು ಆಕಾಶನೀಲಿಯ ಮೇಲೆ. ಬಿಳಿ, ನೇವಿ, ಸಣ್ಣ ಹೂವಿನ ಅಚ್ಚು ಅದನ್ನು ಮುಚ್ಚುತ್ತವೆ. ಕಪ್ಪಿನ ಮೇಲೆ ಬೆವರು ಒಣಗಿದಾಗ ಉಪ್ಪಿನ ಬಿಳಿ ಗೆರೆ ನಿಲ್ಲುತ್ತದೆ. ಬೀಜ್ ಬಣ್ಣ ನಮ್ಮಲ್ಲಿ ಅನೇಕರ ಮೈಬಣ್ಣವನ್ನು ಮಂಕು ಮಾಡುತ್ತದೆ. ಮುಖದ ಹತ್ತಿರ ಸಾಸಿವೆಹಳದಿ, ಇಟ್ಟಿಗೆಗೆಂಪು, ಎಲೆಹಸಿರು ಇಡಿ, ಹಗಲಿನ ಬೆಳಕಲ್ಲಿ ನೀವೇ ನೋಡಿಕೊಳ್ಳಿ. ನಿಯಮ ಒಂದೇ: ಏಳರಲ್ಲಿ ಪ್ರತಿ ಮೇಲುಡುಪು ನಾಲ್ಕರಲ್ಲಿ ಮೂರು ಪ್ಯಾಂಟಿಗಾದರೂ ಹೊಂದಬೇಕು. 21 ಜೊತೆ ಆಯಿತು. ಹೊಂದದ ಚಂದದ ಕುರ್ತಾ ಸಿಕ್ಕರೆ ಕಣ್ಣು ಮುಚ್ಚಿ ಮುಂದೆ ನಡೆಯಿರಿ.

ಪಟ್ಟಿಯಲ್ಲಿ ಸೀರೆಗೆ ಜಾಗವೇ ಇಲ್ಲ ಎಂದು ಅಮ್ಮ ಕೊಟ್ಟ ಇಳಕಲ್ಲನ್ನು ಊರಿಗೆ ಕಳಿಸುವ ಯೋಚನೆ ಇದೆಯಲ್ಲ, ಅದು ಶುದ್ಧ ದಡ್ಡತನ. ಇಲ್ಲಿ ಗಣಪತಿ ಹಬ್ಬ, ಸಹೋದ್ಯೋಗಿಯ ಮದುವೆ, ಮಾಟುಂಗಾದ ಕನ್ನಡ ಕಾರ್ಯಕ್ರಮ, ಎಲ್ಲಕ್ಕೂ ಅದೊಂದೇ ಸಾಲುತ್ತದೆ, ಮೂರು ಹೊಸ ಗೌನು ಉಳಿಸುತ್ತದೆ. ಜೊತೆಗೆ ಎರಡು ರವಿಕೆ: ಒಂದು ಗುಳೇದಗುಡ್ಡದ ಖಣ, ಒಂದು ಸಾದಾ ಕಪ್ಪು ಹತ್ತಿ. ಖಣ ದಾದರಿನಲ್ಲೂ ಸಿಗುತ್ತದೆ. ಎರಡು ಮೀಟರ್ ಕೊಂಡು ತೋಳಿಲ್ಲದ ಜಾಕೀಟು ಹೊಲಿಸಿ, ಒಳಗೆ ಹತ್ತಿಯ ಲೈನಿಂಗ್ ಹಾಕಿಸಿ. ಸಾದಾ ಕುರ್ತಾದ ಮೇಲೆ ಅದು ಬಿದ್ದರೆ ಹಬ್ಬದ ಬಟ್ಟೆ ಬೇರೆ ಬೇಡ. ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಹಳೆಯ ಪಂಚೆಯಲ್ಲಿ ಸುತ್ತಿ. ಮಳೆಗಾಲಕ್ಕೆ ಮೊದಲು ಗಂಜಿ ಹಾಕಿ ಎತ್ತಿಡಬೇಡಿ, ಬೂಷ್ಟಿಗೂ ಹುಳಕ್ಕೂ ಗಂಜಿಯೇ ಊಟ. ಡಾಂಬರು ಗುಳಿಗೆ ಜರಿಗೆ ತಾಗದಿರಲಿ, ಕಪ್ಪಾಗುತ್ತದೆ.

ಆಫೀಸಿನ ಎಸಿಗೆ ಉದ್ದ ತೋಳಿನ ಹತ್ತಿ ಶರ್ಟೊಂದನ್ನು ಆಫೀಸಿನ ಡ್ರಾಯರಿನಲ್ಲೇ ಇಡಿ. ಅರ್ಧ ಕಪಾಟಿನ ಲೆಕ್ಕಕ್ಕೆ ಅದು ಬರುವುದೂ ಇಲ್ಲ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲ ತಿಂಗಳು ಏನೂ ಇಲ್ಲ. ಆಮೇಲೆ ಗಾಢ ಬಣ್ಣದ ಎರಡು ಪ್ಯಾಂಟು, ಯಾಕೆಂದರೆ ಈಗಿರುವ ಕುರ್ತಾಗಳಲ್ಲಿ ಯಾವುದು ಉಳಿಯಬೇಕೆಂದು ಅವೇ ಹೇಳುತ್ತವೆ. ಕಡಿಮೆ ಬಿದ್ದ ಮೇಲುಡುಪುಗಳನ್ನು ತಿಂಗಳಿಗೆ ಒಂದರಂತೆ ಹೊಲಿಸಿ. ಮಳೆಚಪ್ಪಲಿಯನ್ನು ಮೇ ತಿಂಗಳಲ್ಲೇ ಕೊಂಡುಬಿಡಿ. ಚರ್ಮದ್ದು ಬೇಡ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು, ಇಲ್ಲದಿದ್ದರೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಾಲು ಜಾರುತ್ತದೆ. ಪಟ್ಟಿಯ ಉದ್ದ ಕೋಟನ್ನು ಮರೆತುಬಿಡಿ. ಜೀನ್ಸ್ ಒಂದೇ ಸಾಕು, 8 ಔನ್ಸಿನ ತೆಳು ಡೆನಿಮ್, ಡಿಸೆಂಬರಿನಲ್ಲಿ ಪುಣೆಗೋ ಮಹಾಬಳೇಶ್ವರಕ್ಕೋ ಹೋಗುವಾಗ ಬೇಕಾಗುತ್ತದೆ. ಈಗ ನಿಮ್ಮಲ್ಲಿ ದಪ್ಪನೆಯವು ಇದ್ದರೆ ಅವನ್ನು ಮುಂದಿನ ಸಲ ಊರಿಗೆ ಹೋದಾಗ ಧಾರವಾಡದ ಮನೆಯಲ್ಲೇ ಇಟ್ಟು ಬನ್ನಿ, ಅಲ್ಲಿ ಒಣಹಾಕಲು ಮಾಳಿಗೆ ಇದ್ದೇ ಇರುತ್ತದೆ.