ಕರೆಂಟಾ ಲೇಸರಾ ಅನ್ನೋದಕ್ಕಿಂತ ಇಡಿಯಾಗಿ ತೆಗೀತಾರಾ ಕೇಳಿ

ಪ್ರಶ್ನೆ: ಡಾಕ್ಟ್ರೇ, ನಾವು ಕೊಡಗಿನ ನಾಪೋಕ್ಲು ಕಡೆಯವ್ರು. ಅಪ್ಪನಿಗೆ 64 ವರ್ಷ, ಬೀಡಿ ಅಭ್ಯಾಸ ಇದೆ. ಕಾಫಿ ಕೊಯ್ಲಿನ ಟೈಮಲ್ಲೇ ಮೂತ್ರ ಕೆಂಪಗೆ ಹೋಗಿತ್ತು, ನೋವಿಲ್ವಲ್ಲ ಅಂತ ಸುಮ್ನಿದ್ರು. ಈಗ ಸ್ಕ್ಯಾನಿಂಗಲ್ಲಿ ಮೂತ್ರಚೀಲದ ಪಕ್ಕದ ಗೋಡೇಲಿ 2 ಸೆಂ.ಮೀ. ಗಡ್ಡೆ ಅಂತ ಬಂದಿದೆ, ಕ್ಯಾನ್ಸರಿನ ಶುರುವಿನ ಹಂತ ಇರ್ಬೋದು ಅಂದಿದಾರೆ. ಮೈಸೂರಲ್ಲಿ ಕರೆಂಟಲ್ಲಿ ತೆಗೀತೀವಿ ಅಂತಾರೆ, ಮಂಗಳೂರಲ್ಲಿ ಲೇಸರಲ್ಲಿ ಇಡಿಯಾಗಿ ತೆಗೀತೀವಿ, ಖರ್ಚು ಜಾಸ್ತಿ ಅಂತಾರೆ. ಯಾವ್ದು ಮಾಡ್ಸೋದು?

ಉತ್ತರ: ನೋವಿಲ್ದೆ ರಕ್ತ ಹೋದ್ರೇನೇ ಹೆಚ್ಚು ಹುಷಾರಾಗ್ಬೇಕಮ್ಮ, ಇನ್ನು ತಡ ಬೇಡ. ಎರಡರಲ್ಲೂ ಹೊಟ್ಟೆ ಕುಯ್ಯಲ್ಲ, ಮೂತ್ರದ ದಾರೀಲೇ ದುರ್ಬೀನು ಹಾಕಿ ಮಾಡೋದು. ಮೊದಲಿಂದ ನಡ್ಕೊಂಡು ಬಂದಿರೋ ಟಿಯುಆರ್‌ಬಿಟಿಯಲ್ಲಿ ಕರೆಂಟ್ ಹರಿಯೋ ತಂತಿ ಕುಣಿಕೆಯಿಂದ ಗಡ್ಡೆನ ಚೂರುಚೂರಾಗಿ ಕತ್ತರಿಸಿ ತೆಗೀತಾರೆ. ಎನ್‌ಬ್ಲಾಕ್ ಅನ್ನೋದ್ರಲ್ಲಿ ಸುತ್ತ ಗೆರೆ ಹಾಕ್ಕೊಂಡು ಬುಡದ ಸ್ನಾಯು ಸಮೇತ ಒಂದೇ ತುಂಡಾಗಿ ಬಿಡಿಸ್ತಾರೆ, ಆಗ ಗಡ್ಡೆ ಯಾವ ಪದರದವರೆಗೆ ಇಳಿದಿದೆ ಅಂತ ಲ್ಯಾಬಿನವ್ರಿಗೆ ಚೆನ್ನಾಗಿ ಕಾಣತ್ತೆ, ಚೂರಾಗಿ ಅಂಚು ಸುಟ್ಟು ಬಂದ್ರೆ ಮೇಲ್ಯಾವ್ದು ಬುಡ ಯಾವ್ದು ಅನ್ನೋದೇ ಕಷ್ಟ.

ಆದ್ರೆ ಇಡಿಯಾಗಿ ತೆಗೆಯೋಕೆ ಲೇಸರೇ ಬೇಕು ಅಂತೇನಿಲ್ಲ. 3 ಸೆಂ.ಮೀ. ಒಳಗಿನ ಗಡ್ಡೆಗಳ ಬಗ್ಗೆ ಹಾಂಗ್‌ಕಾಂಗಿನವರ ಅಧ್ಯಯನ 2024ರಲ್ಲಿ ಬಂತು, ಅಲ್ಲಿ ಇಡಿಯಾಗಿ ತೆಗೆದದ್ದು ಬೈಪೋಲಾರ್ ಅನ್ನೋ ಬಗೆಯ ಕರೆಂಟಲ್ಲೇ. ಹಾಗೆ ತೆಗೆಸ್ಕೊಂಡವರಲ್ಲಿ ಒಂದು ವರ್ಷದೊಳಗೆ ಗಡ್ಡೆ ಮತ್ತೆ ಬಂದಿದ್ದು ನೂರರಲ್ಲಿ ಸುಮಾರು 29 ಜನಕ್ಕೆ, ಚೂರು ಮಾಡಿದವರಲ್ಲಿ 38. ಹಾಗಾಗಿ ಮೈಸೂರಿನವ್ರನ್ನೇ ಇಡಿಯಾಗಿ ತೆಗೀತೀರಾ ಅಂತ ಕೇಳಿ. ಲೇಸರಿಂದ ನಿಮ್ಮಪ್ಪನಿಗೆ ಒಂದು ಲಾಭ ಇರೋದು ನಿಜ, ಪಕ್ಕದ ಗೋಡೆ ಹಿಂದೇನೇ ತೊಡೆಗೆ ಹೋಗೋ ನರ ಇದೆ, ಕರೆಂಟ್ ತಾಗಿದ್ರೆ ಕಾಲು ಫಟ್ ಅಂತ ಎಳ್ದು ಮೂತ್ರಚೀಲ ತೂತಾಗೋ ಭಯ, ಲೇಸರಲ್ಲಿ ಆ ಎಳೆತ ಇಲ್ಲ. ಕರೆಂಟಲ್ಲೇ ಮಾಡೋದಾದ್ರೆ ಆ ನರಕ್ಕೆ ಮರಗಟ್ಟಿಸೋ ಇಂಜೆಕ್ಷನ್ (ಬ್ಲಾಕ್) ಕೊಡ್ತೀರಾ ಇಲ್ಲಾ ಪೂರ್ತಿ ಅನಸ್ತೇಷಿಯಾನಾ ಅಂತ ವಿಚಾರಿಸಿ.

ಆಪರೇಷನ್ ಆದ್ಮೇಲೆ ಬಯಾಪ್ಸಿ ರಿಪೋರ್ಟಲ್ಲಿ ಸ್ನಾಯು ಸಿಕ್ಕಿದೆ ಅಂತ ಬರೆದಿದ್ಯಾ ನೋಡಿ. ಇಲ್ದಿದ್ರೆ, ಅಥವಾ ಟಿ1 ಅಂತ, ಅಂದ್ರೆ ಒಳಪೊರೆ ದಾಟಿದ್ರೂ ಸ್ನಾಯು ಮುಟ್ಟಿಲ್ಲ ಅಂತ ಬಂದ್ರೆ, ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ಇನ್ನೊಂದ್ಸಲ ಕೆರೆದು ನೋಡ್ತಾರೆ, ಗಾಬರಿ ಬೇಡ. 24 ಗಂಟೆಯೊಳಗೆ ಚೀಲದೊಳಗೆ ಮೈಟೊಮೈಸಿನ್ ಅನ್ನೋ ಕ್ಯಾನ್ಸರ್ ಔಷಧಿ ಹಾಕ್ತಾರಾ ಅಂತಾನೂ ಕೇಳಿ. ಬೀಡಿ ಇವತ್ತೇ ಬಿಡಿಸಿ. 3 ತಿಂಗಳಿಗೆ ಮತ್ತೆ ದುರ್ಬೀನು ಹಾಕಿ ನೋಡ್ಲೇಬೇಕು, ಆಮೇಲೂ ವರ್ಷಗಟ್ಟಲೆ ಹೋಗ್ತಿರ್ಬೇಕು, ಮಳೆಗಾಲದಲ್ಲಿ ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯೋದು ಕಷ್ಟ ಅನ್ಸಿದ್ರೆ ಅದನ್ನೂ ಲೆಕ್ಕಕ್ಕಿಟ್ಕೊಂಡೇ ಊರು ಆರಿಸ್ಕೊಳ್ಳಿ.